ಭಾರ ಹೊರುವವರು ಯಾರು?

ನಾನು ಚಿಕ್ಕವನಿದ್ದಾಗ ನಮ್ಮೂರು ಕುಲಗೋಡದ ಓಣಿಗೆ ಅಂಚೆಯವನು ಬಂದನೆಂದರೆ ಮನೆಯಲ್ಲಿ ಒಂದು ಹಿಗ್ಗು, ಅದರ ಬೆನ್ನಿಗೇ ಒಂದು ಅಳುಕು. ಹಿಗ್ಗು, ಪತ್ರ ಬಂತೆಂದು. ಅಳುಕು, ಅದು ಬೇರಿಂಗ್ ಪತ್ರವಾಗಿದ್ದೀತೆಂದು. ಅಂಚೆಚೀಟಿ ಹಚ್ಚದೆ, ಇಲ್ಲವೆ ಸಾಲದಷ್ಟು ಹಚ್ಚಿ ಪೆಟ್ಟಿಗೆಗೆ ಹಾಕಿದ ಪತ್ರಕ್ಕೆ ಆ ಹೆಸರು. ಕಡಿಮೆ ಬಿದ್ದ ಹಣದ ಇಮ್ಮಡಿಯನ್ನು ಪತ್ರ ಪಡೆಯುವವನು ತೆತ್ತು ಬಿಡಿಸಿಕೊಳ್ಳಬೇಕು. ಇಚಲಕರಂಜಿಗೆ ಮಗ್ಗದ ಕೆಲಸಕ್ಕೆ ಹೋಗಿದ್ದ ನಮ್ಮ ದೂರದ ಬಂಧುವೊಬ್ಬ ಇಂಥ ಪತ್ರ ಬರೆಯುವುದರಲ್ಲಿ ನಿಸ್ಸೀಮ. ಒಮ್ಮೆ ಅಜ್ಜ ಅಂಗಿಯ ಕಿಸೆಯನ್ನೆಲ್ಲ ತಡವಿ ದುಡ್ಡು ಕೊಟ್ಟು, ಪತ್ರ ಬಿಡಿಸಿಕೊಂಡು, ಓದೆಂದು ನನ್ನ ಕೈಗಿತ್ತ. ಒಳಗಿದ್ದದ್ದು ಎರಡೇ ಸಾಲು: ತಾವೆಲ್ಲ ಕ್ಷೇಮ, ನಮ್ಮ ಕ್ಷೇಮಕ್ಕೆ ಬರೆಯಬೇಕು. ಅಜ್ಜ ನಕ್ಕು, "ಅವನ ಕ್ಷೇಮಕ್ಕ ದಂಡಾ ನಾ ಕಟ್ಟಿದೆ ನೋಡು" ಎಂದ.

ಆ ಮಾತು ಇಷ್ಟು ವರ್ಷಗಳ ಮೇಲೆ ಮತ್ತೆ ನೆನಪಾದದ್ದು ಕಳೆದ ಬೇಸಗೆಯಲ್ಲಿ, ಅದೇ ಮನೆಯ ಮಾಳಿಗೆಯ ಮೇಲೆ. ಈ ಸಲ ದಂಡ ಕಟ್ಟಿದವಳು ನೆರೆಮನೆಯ ಹುಡುಗಿ. ಬೇರಿಂಗ್ ಪತ್ರ ಕಳಿಸಿದವನು ನಾನು.

ಸಂಗತಿ ಹೀಗಿದೆ. ನಾನು ಕನ್ನಡ ಕಲಿಸುವ ಕಾಲೇಜು ಎರಡು ವರ್ಷದ ಹಿಂದೆ ತನ್ನ ಜಾಲತಾಣವನ್ನು ಹೊಸದಾಗಿ ಮಾಡಿಸಿತು. ಅದಕ್ಕೊಂದು ಸಮಿತಿ. ಕನ್ನಡದವನಿಗೆ ರುಚಿ ಇರುತ್ತದೆಂಬ ನಂಬಿಕೆಯಿಂದಲೋ, ಬೇರೆ ಕೆಲಸವಿರುವುದಿಲ್ಲವೆಂಬ ನಂಬಿಕೆಯಿಂದಲೋ, ನನ್ನನ್ನೂ ಅದರಲ್ಲಿ ಸೇರಿಸಿದರು. ತಾಣವನ್ನು ಕಟ್ಟಿಕೊಡಲು ಬಂದ ತರುಣರು, ಮೊದಲ ಪುಟ ಹೇಗಿರಬೇಕೆಂದು ಕೇಳಿದರು. ನಾನು ಉತ್ಸಾಹದಿಂದ ಮುಂದಾದೆ. ಕಾಲೇಜಿನ ಕಟ್ಟಡದ ಮೇಲೆ ಹೊತ್ತು ಮೂಡುವಾಗಿನ ಚಿತ್ರವೊಂದು ಪುಟದ ತುಂಬ ಹರಡಿರಬೇಕು. ಅಕ್ಷರಗಳು ಎಲ್ಲರಲ್ಲಿಯೂ ಇರುವಂಥವಲ್ಲ, ಕೈಯಿಂದ ಬರೆದಂತೆ ಬಳುಕುವಂಥವಾಗಿರಬೇಕು. ವಾರ್ಷಿಕೋತ್ಸವದ ಚಿತ್ರಗಳು ಒಂದರ ಹಿಂದೊಂದು ಸರಿಯುತ್ತಿರಬೇಕು. ಅವರು ಹಾಗೆಯೇ ಮಾಡಿದರು. ಕಚೇರಿಯ ದೊಡ್ಡ ಪರದೆಯ ಮೇಲೆ, ಫೈಬರ್ ತಂತಿಯ ಸಂಪರ್ಕದಲ್ಲಿ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪುಟ ಅರಳಿ ನಿಂತಿತು. ಪ್ರಾಂಶುಪಾಲರು ಬೆನ್ನು ತಟ್ಟಿದರು. ಮುಂದೆ ಶುಲ್ಕ ವಿನಾಯಿತಿಯ ಅರ್ಜಿಯನ್ನೂ ಅದೇ ಪುಟದ ಕೆಳಗೆ ಸೇರಿಸಿದರು. ಅರ್ಜಿಗೆ ಕೊನೆಯ ದಿನವೊಂದಿತ್ತು.

ಆ ದಿನದ ಹಿಂದಿನ ರವಿವಾರ ನಾನು ಊರಿಗೆ ಹೋಗಿದ್ದೆ. ಕುಲಗೋಡ ಹಿಂದೆ ಗೋಕಾಕ ತಾಲ್ಲೂಕಿನಲ್ಲಿತ್ತು, ಈಗ ಮೂಡಲಗಿಯದು. ತಾಲ್ಲೂಕು ಬದಲಾದರೂ ನಮ್ಮ ಓಣಿ ಬದಲಾಗಿಲ್ಲ. ಕಬ್ಬಿನ ಹೊಲಕ್ಕೆ ಕೂಲಿಗೆ ಹೋಗುವ ನೆರೆಮನೆಯ ತಾಯಿಯ ಮಗಳು, ಪಿಯುಸಿ ಮುಗಿಸಿದವಳು, ಫೋನು ಹಿಡಿದು ಬಾಗಿಲಲ್ಲಿ ನಿಂತಳು.

"ಕಾಕಾ, ನಿಮ್ಮ ಕಾಲೇಜಿನ ಅರ್ಜಿ ತೆರೀವಲ್ದ್ರಿ. ಮೂರು ದಿನಾ ಆತು."

"ಅವಸರ ಮಾಡಿದರ ಹೆಂಗವಾ? ಸ್ವಲ್ಪ ತಡದು ನೋಡಬೇಕು" ಎಂದೆ, ಮೇಷ್ಟರ ಗತ್ತಿನಿಂದ.

"ತಡದು ನೋಡೀನ್ರಿ. ತಡದಷ್ಟೂ ನೆಟ್ ಮುಗದ ಹೋಗತೈತಿ."

ಕೆಳಗೆ ರೇಂಜು ಸಾಲದೆಂದು ಇಬ್ಬರೂ ಮಾಳಿಗೆ ಹತ್ತಿದೆವು. ಅವಳ ಫೋನು ಅಣ್ಣ ಬಳಸಿ ಬಿಟ್ಟದ್ದು. ಗಾಜಿನ ಮೂಲೆ ಒಡೆದಿತ್ತು. ತಾಣದ ಹೆಸರನ್ನು ಒತ್ತಿದಳು. ಬಿಳಿಯ ಪರದೆ, ನಡುವೆ ತಿರುಗುವ ಚಕ್ರ. ಬಹಳ ಹೊತ್ತಿನ ಮೇಲೆ ಪುಟದ ತುದಿಯಲ್ಲಿ ಕೆಂಪು ಬಣ್ಣದ ಒಂದು ಪಟ್ಟಿ ಕಾಣಿಸಿತು. ಏನೆಂದು ತಿಳಿಯಲು ನನಗೇ ಒಂದು ಕ್ಷಣ ಬೇಕಾಯಿತು. ಅದು ನಾನು ಆರಿಸಿದ ಮುಂಜಾವಿನ ಆಕಾಶ! ಮೇಲಿನಿಂದ ಬೆರಳಗಲದಷ್ಟು ಆಕಾಶ ಇಳಿಯಿತು, ನಿಂತಿತು; ಮತ್ತೆ ಬೆರಳಗಲ ಇಳಿಯಿತು. ಕಟ್ಟಡದ ಕಳಸ ಕಾಣುವ ಹೊತ್ತಿಗೆ ನನ್ನ ಚಹಾ ಆರಿಹೋಗಿತ್ತು. ಅರ್ಜಿ ಇದ್ದದ್ದು ಈ ಎಲ್ಲದರ ಕೆಳಗೆ. ಅದು ಬರುವ ಮೊದಲೇ ಪುಟ ಸೋತು ಬಿಳಿದಾಯಿತು. ಹುಡುಗಿ ನನ್ನ ಮುಖ ನೋಡಲಿಲ್ಲ. ನಾಚಿಕೆಯಾದೀತೆಂದು ಅವಳಿಗೆ ಗೊತ್ತಿತ್ತೆಂದು ಕಾಣುತ್ತದೆ.

ಸಾಹಿತ್ಯದವನಾದರೂ ಆ ರಾತ್ರಿ ಲೆಕ್ಕಕ್ಕೆ ಕುಳಿತೆ. ದಿನಕ್ಕೆ ಇಷ್ಟೆಂದು ಕೊಟ್ಟ ಪಾಲು ಮುಗಿದ ಮೇಲೆ ನಮ್ಮ ದೇಶದ ಫೋನು ಕಂಪನಿಗಳು ಅನೇಕ ಯೋಜನೆಗಳಲ್ಲಿ ವೇಗವನ್ನು ಸೆಕೆಂಡಿಗೆ 64 ಕಿಲೋಬಿಟ್ಟಿಗೆ ಇಳಿಸುತ್ತವೆ. ಎಂಟು ಬಿಟ್ಟಿಗೆ ಒಂದು ಬೈಟು. ಅಂದರೆ ಸೆಕೆಂಡಿಗೆ 8 ಕಿಲೋಬೈಟು. ನಮ್ಮ ಪುಟದ ತೂಕ ಸುಮಾರು 6,000 ಕಿಲೋಬೈಟು. ಎಲ್ಲವೂ ಸರಿಯಾಗಿ ನಡೆದರೂ ಹನ್ನೆರಡೂವರೆ ನಿಮಿಷ! ಅದರಲ್ಲಿ ಎಂಟು ನಿಮಿಷಕ್ಕಿಂತ ಹೆಚ್ಚು ಆ ಒಂದು ಆಕಾಶಕ್ಕೇ ಸಲ್ಲುತ್ತಿತ್ತು. ಆ ಚಿತ್ರವೊಂದೇ 4,000 ಕಿಲೋಬೈಟು. ನೀವು ಈಗ ಓದುತ್ತಿರುವಂಥ ಒಂದು ಲೇಖನ ಯಂತ್ರದೊಳಗೆ ಸುಮಾರು 50 ಕಿಲೋಬೈಟು ತೂಗೀತು. ನನ್ನ ಸೂರ್ಯೋದಯದ ತೂಕ ಇಂಥ ಎಂಬತ್ತು ಲೇಖನಗಳಷ್ಟು! ನಾವು ಮಾತ್ರ ಹೀಗೆಂದಲ್ಲ. ಜಗತ್ತಿನ ಜಾಲಪುಟಗಳನ್ನು ತೂಗಿ ಲೆಕ್ಕವಿಡುವ ಎಚ್‌ಟಿಟಿಪಿ ಆರ್ಕೈವ್ ಸಂಸ್ಥೆಯ 2024ರ ಲೆಕ್ಕದಲ್ಲಿ, ಮೊಬೈಲಿಗೆ ಬರುವ ನಡುಮಟ್ಟದ ಪುಟವೊಂದರ ತೂಕವೇ 2,000 ಕಿಲೋಬೈಟನ್ನು ದಾಟಿದೆ. ಮಾಳಿಗೆಯ ಮೇಲಿನ ಆ ಹುಡುಗಿಗೆ ಅದೂ ನಾಲ್ಕು ನಿಮಿಷದ ದಾರಿ.

ಅವಳ ಅರ್ಜಿಯನ್ನು ಮರುದಿನ ನಾನೇ ಕಾಲೇಜಿನಿಂದ ತುಂಬಿಸಿದೆ. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಮನಸ್ಸು ಮುಗಿಸಲು ಒಪ್ಪಲಿಲ್ಲ. ಆಕೆ ನಮ್ಮ ಓಣಿಯವಳು, ನನ್ನನ್ನು ಕಾಕಾ ಎಂದು ಕರೆಯುವವಳು, ಬಂದು ಹೇಳಿದಳು. ಕಾಕಾ ಇಲ್ಲದವರು ಏನು ಮಾಡಿದರು? ಚಕ್ರ ತಿರುಗುವುದನ್ನು ನೋಡಿ ನೋಡಿ, 'ಇದು ನಮಗಲ್ಲ' ಎಂದು ಫೋನು ಕೆಳಗಿಟ್ಟವರು ಎಷ್ಟು ಜನ? ನಮ್ಮ ಕಚೇರಿಯ ದಾಖಲೆಯಲ್ಲಿ ಅವರ ಗುರುತಿಲ್ಲ. ಬಂದವರ ಹೆಸರು ಹಾಜರಿ ಪುಸ್ತಕದಲ್ಲಿರುತ್ತದೆ. ಬಾಗಿಲೇ ಸಿಗದವರ ಹೆಸರು ಯಾವ ಪುಸ್ತಕದಲ್ಲಿರುತ್ತದೆ?

ಈ ವಿಚಾರದಲ್ಲಿ ನನ್ನ ಕಣ್ಣು ತೆರೆಸಿದ್ದು ಅಮೆರಿಕದ ಎಂಜಿನಿಯರೊಬ್ಬರ ಅನುಭವ. ಕ್ರಿಸ್ ಜಕರಾಯಸ್ ಎಂಬ ಇವರು ಯೂಟ್ಯೂಬಿನಲ್ಲಿ ಕೆಲಸ ಮಾಡುತ್ತಿದ್ದವರು. ಅಲ್ಲಿ ನಡೆದುದನ್ನು 2012ರಲ್ಲಿ ಬರೆದರು. ಚಲಚ್ಚಿತ್ರ ನೋಡುವ ಆ ಪುಟ ಆಗ ಸುಮಾರು 1.2 ಮೆಗಾಬೈಟಿಗೆ ಬೆಳೆದಿತ್ತು. ಇವರು ಹಟ ಹಿಡಿದು, ಬೇಡದ್ದನ್ನೆಲ್ಲ ತೆಗೆದು, ಅದನ್ನು 98 ಕಿಲೋಬೈಟಿಗೆ ಇಳಿಸಿದರು. ಆ ಪ್ರಯತ್ನಕ್ಕೆ ಇಟ್ಟ ಹೆಸರೇ 'ಗರಿ'. ಹಗುರವಾದ ಪುಟವನ್ನು ಜನರಿಗೆ ಬಿಟ್ಟು ಲೆಕ್ಕ ತೆಗೆದರೆ ವಿಚಿತ್ರ: ಪುಟ ತೆರೆಯಲು ಹಿಡಿಯುವ ಸರಾಸರಿ ಕಾಲ ಇಳಿಯುವ ಬದಲು ಏರಿತ್ತು! ಶ್ರಮವೆಲ್ಲ ವ್ಯರ್ಥವಾಯಿತೆಂದುಕೊಳ್ಳುವಷ್ಟರಲ್ಲಿ ಕಾರಣ ಹೊಳೆಯಿತು. ಆಗ್ನೇಯ ಏಷ್ಯ, ಆಫ್ರಿಕ, ದಕ್ಷಿಣ ಅಮೆರಿಕ, ಸೈಬೀರಿಯಗಳಿಂದ ಹೊಸ ಜನ ಬರತೊಡಗಿದ್ದರು. ಹಳೆಯ ಪುಟ ಅವರಿಗೆ ಇಪ್ಪತ್ತು ನಿಮಿಷ ಹಿಡಿಯುತ್ತಿದ್ದುದರಿಂದ ಅವರು ನೋಡುವುದನ್ನೇ ಬಿಟ್ಟಿದ್ದರು. ಹೊಸದು ಎರಡು ನಿಮಿಷಕ್ಕೆ ತೆರೆಯುತ್ತಿತ್ತು. ಎರಡು ನಿಮಿಷವೂ ನಿಧಾನವೇ. ಆದುದರಿಂದ ಸರಾಸರಿ ಕೆಟ್ಟಿತು. ಆದರೆ ಅವರ ಪಾಲಿಗೆ ಮುಚ್ಚಿದ ಬಾಗಿಲು ತೆರೆದಿತ್ತು.

ಈ ಸಂಗತಿಯನ್ನು ನಾನು ತಿರುತಿರುಗಿ ನೆನೆಯುತ್ತೇನೆ. ಸರಾಸರಿ ಎಂಬುದು ಒಳಗೆ ಕುಳಿತವರ ಲೆಕ್ಕ. ಹೊರಗೆ ನಿಂತವರು ಹೊರಗಿದ್ದಷ್ಟು ಕಾಲ ಲೆಕ್ಕ ಚೆನ್ನಾಗಿರುತ್ತದೆ. ಒಳಗೆ ಬಂದೊಡನೆ ಕೆಡುತ್ತದೆ. ಶಾಲೆಯ ಫಲಿತಾಂಶದಲ್ಲಿ ನಾವು ಮೇಷ್ಟರುಗಳು ಇದನ್ನು ಬಲ್ಲೆವು. ದಡ್ಡ ಹುಡುಗರನ್ನು ಪರೀಕ್ಷೆಗೆ ಕೂರಿಸದಿದ್ದರೆ ಶೇಕಡಾ ನೂರು. ಅಂಥ ನೂರರ ಬೆಲೆಯೇನೆಂಬುದೂ ನಮಗೆ ಗೊತ್ತು.

ಈಗ ಅಜ್ಜನ ಮಾತಿಗೆ ಬರುತ್ತೇನೆ. 2013ರ ಜುಲೈಯಲ್ಲಿ ನಮ್ಮ ದೇಶದಲ್ಲಿ ತಂತಿ ಸೇವೆ ನಿಂತಿತು. ಅದು ಇದ್ದಷ್ಟು ಕಾಲ, ತಂತಿ ಕಳಿಸುವವನು ಪದಗಳನ್ನೆಣಿಸಿ ದುಡ್ಡು ಕೊಡಬೇಕಿತ್ತು. ಆದುದರಿಂದ ಓದು ಬರಹ ಅಷ್ಟಿಷ್ಟು ಬಲ್ಲವನೂ ತಂತಿ ಬರೆಯುವಾಗ ಸೂತ್ರಕಾರನಾಗುತ್ತಿದ್ದ. ಭಾರ ತನ್ನ ಕಿಸೆಯ ಮೇಲೆ ಬಿದ್ದಾಗ ಮನುಷ್ಯ ತಾನಾಗಿ ಹಗುರವಾಗಿ ಬರೆಯುತ್ತಾನೆ. ಜಾಲಪುಟದಲ್ಲಿ ಹಾಗಲ್ಲ. ಪುಟ ಮಾಡಿದವನಿಗೂ ಅದನ್ನು ಇಟ್ಟು ಕಳಿಸುವ ಖರ್ಚು ಇದ್ದೇ ಇದೆ. ಆದರೆ ಒಂದು ಚಿತ್ರ ಹೆಚ್ಚಾದರೆ ಅವನಿಗೆ ತಿಳಿಯುವುದೇ ಇಲ್ಲ. ತಿಳಿಯುವುದು ಪಡೆಯುವವನಿಗೆ: ಅವನ ಡೇಟಾ ಸೋರುತ್ತದೆ, ಬ್ಯಾಟರಿ ಸೋರುತ್ತದೆ, ಹೊತ್ತು ಸೋರುತ್ತದೆ. ಅದೂ ಎಲ್ಲರಿಗೂ ಒಂದೇ ಸಮನಲ್ಲ. ಹೊಸ ಫೋನು, ಒಳ್ಳೆಯ ಸಂಪರ್ಕ ಉಳ್ಳವನಿಗೆ ಆ ಭಾರ ಹತ್ತಿ. ಹಳೆಯ ಫೋನಿನವಳಿಗೆ ಕಲ್ಲು. ಕಳಿಸಿದವನ ಸೊಗಸಿಗೆ ಪಡೆದವರು ದಂಡ ತೆರುವುದು, ಅದರಲ್ಲಿಯೂ ಬಡವರು ಹೆಚ್ಚು ತೆರುವುದು, ಇದನ್ನು ಬೇರಿಂಗ್ ಪತ್ರವೆನ್ನದೆ ಏನೆನ್ನಬೇಕು? ನಮ್ಮ ಬಂಧುವಿಗಾದರೂ ಅಂಚೆಚೀಟಿಗೆ ಕಾಸಿರಲಿಲ್ಲವೆಂಬ ಸಮಾಧಾನವುಂಟು. ನನಗೆ ಆ ನೆಪವೂ ಇಲ್ಲ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನನ್ನು ಕೇಳಿದೆ. ಅವನು ಪುಟವನ್ನು ಬಿಚ್ಚಿ ನೋಡಿ, "ತಪ್ಪು ತಿಳೀಬ್ಯಾಡ್ರಿ ಸರ್, ನಾಕ ಬೆರಳ ಪರದೆಗೆ ಗ್ವಾಡಿ ಅಗಲದ ಚಿತ್ರಾ ಕಳಸೀರಿ" ಎಂದ. ಕ್ಯಾಮರಾದಿಂದ ಬಂದ ಚಿತ್ರ ಹಾಗೆಯೇ ಹೋಗಿತ್ತು. ಪರದೆಯ ಅಳತೆಗೆ ಇಳಿಸಿ, ಕಣ್ಣು ಗುರುತಿಸಲಾರದ ಸೂಕ್ಷ್ಮಗಳನ್ನು ಬಿಟ್ಟರೆ ನೂರರಲ್ಲಿ ಒಂದು ಪಾಲಾಗುತ್ತಿತ್ತು. ಬಳುಕುವ ಅಕ್ಷರಗಳದು ಇನ್ನೊಂದು ಕಥೆ. ಕಾಗುಣಿತ ಒತ್ತಕ್ಷರಗಳಿಗೆಲ್ಲ ರೂಪ ಕೊಡಬೇಕಾದುದರಿಂದ ಕನ್ನಡದ ಅಕ್ಷರಶೈಲಿಯ ಕಡತ ಇಂಗ್ಲಿಷಿನದಕ್ಕಿಂತ ಸಾಮಾನ್ಯವಾಗಿ ದಪ್ಪ. ಇಂದಿನ ಫೋನುಗಳಲ್ಲಿ ಕನ್ನಡದ ಅಕ್ಷರಗಳು ಮೊದಲೇ ಇರುತ್ತವೆ. ಇದ್ದ ಮನೆಗೆ ಮತ್ತೆ ಪಾತ್ರೆ ಹೊರಿಸಿದ್ದೆ ನಾನು. ಅಕ್ಷರಗಳ ತೂಕದ ವಿಷಯ ಬಂದಾಗ ಕನ್ನಡದವನಾದ ನನಗೆ ಸ್ವಲ್ಪ ನೋವಾಯಿತು. ಇಂಗ್ಲಿಷಿನ ಒಂದಕ್ಷರಕ್ಕೆ ಯಂತ್ರದಲ್ಲಿ ಒಂದು ಬೈಟು ಸಾಕು. ನಮ್ಮ ಒಂದೊಂದು ಸಂಕೇತಕ್ಕೂ ಮೂರು. 'ಕ್ಷ' ಎಂದು ಬರೆದರೆ ಕ, ಹಲಂತದ ಗುರುತು, ಷ, ಹೀಗೆ ಮೂರು ಸಂಕೇತ, ಒಂಬತ್ತು ಬೈಟು. ಶಿಷ್ಯ ಸಮಾಧಾನ ಹೇಳಿದ: ಮಾತು ಎಂದೂ ಭಾರವಲ್ಲ, ಅದನ್ನು ಒತ್ತಿ ಕಿರಿದಾಗಿಸುವ ಉಪಾಯವುಂಟು. ಅವನು ವಿವರಿಸಿದ ಉಪಾಯ ಕೇಳಿ ನನಗೆ ಭಜನೆಯ ಪುಸ್ತಕ ನೆನಪಾಯಿತು. ಅಲ್ಲಿ ಪಲ್ಲವಿಯನ್ನು ಒಮ್ಮೆ ಪೂರ್ತಿ ಬರೆದು, ಮುಂದೆ ಪ್ರತಿ ನುಡಿಯ ಕೊನೆಗೆ 'ಪ' ಎಂದು ಗುರುತಿಟ್ಟರೆ ಮುಗಿಯಿತು. ಮತ್ತೆ ಬಂದ ಮಾತಿಗೆ, ಅದು ಹಿಂದೆ ಎಲ್ಲಿ ಬಂದಿತ್ತೆಂಬ ಗುರುತನ್ನು ಮಾತ್ರ ಕಳಿಸುವ ಈ ಯುಕ್ತಿಯನ್ನು ಲೆಂಪೆಲ್ ಮತ್ತು ಜಿವ್ ಎಂಬ ಇಬ್ಬರು ಪಂಡಿತರು 1977ರಲ್ಲಿ ಗಣಿತಕ್ಕೆ ತಂದರಂತೆ. ನಮ್ಮ ಭಜನೆಯವರು ಅದನ್ನು ಗಣಿತವಿಲ್ಲದೆ ಮಾಡುತ್ತ ಬಂದಿದ್ದಾರೆ. ಇನ್ನು ಒಮ್ಮೆ ತಂದ ಸಾಮಾನನ್ನು ಫೋನಿನಲ್ಲಿಯೇ ಕೂಡಿಟ್ಟು ಮರುಸಲ ತರದಿರುವುದು. ಅದು ನಮ್ಮ ಹಗೇವಿನ ನೀತಿ. ಎರಡು ದಿನದ ಕೆಲಸದಲ್ಲಿ 6,000 ಕಿಲೋಬೈಟಿನ ಪುಟ 90ಕ್ಕೆ ಇಳಿಯಿತು. ಹನ್ನೆರಡೂವರೆ ನಿಮಿಷ ಹನ್ನೊಂದು ಸೆಕೆಂಡಾಯಿತು.

ಇಷ್ಟು ಸುಲಭವಾದುದನ್ನು ಮೊದಲೇ ಏಕೆ ಮಾಡಲಿಲ್ಲ? ಇಲ್ಲಿಯೇ ಪ್ರಶ್ನೆ ಯಂತ್ರದ್ದಾಗಿ ಉಳಿಯದೆ ಮನಸ್ಸಿನದಾಗುತ್ತದೆ. ಸಮಿತಿಯ ಗೆಳೆಯರೊಡನೆ ಚರ್ಚಿಸಿದಾಗ ಮೂರು ಆಕ್ಷೇಪಗಳು ಬಂದವು. ಮೂರನ್ನೂ ತಳ್ಳಿಹಾಕುವಂತಿಲ್ಲ.

ಸಂಪರ್ಕ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿದೆ, ಸ್ವಲ್ಪ ಕಾದರಾಯಿತು ಎಂಬುದು ಮೊದಲನೆಯದು. ನಿಜ, 2016ರ ಮೇಲೆ ನಮ್ಮ ಹಳ್ಳಿಗಳಿಗೆ ಬಂದ ಸಂಪರ್ಕ ಅದಕ್ಕೆ ಮೊದಲು ಕನಸಾಗಿತ್ತು. ಆದರೆ ದಾರಿ ಅಗಲವಾದಂತೆ ನಾವು ಗಾಡಿಯನ್ನೂ ಅಗಲ ಮಾಡುತ್ತ ಹೋದರೆ? ಪ್ಯಾಸ್ಕಲ್ ಎಂಬ ಯಂತ್ರಭಾಷೆಯನ್ನು ರಚಿಸಿದ ನಿಕ್ಲಾಸ್ ವಿರ್ತ್ ಅವರು 1995ರಲ್ಲಿಯೇ ಇದನ್ನೆತ್ತಿ ಆಡಿದ್ದರು: ಯಂತ್ರಗಳು ಚುರುಕಾಗುವ ವೇಗಕ್ಕಿಂತ ತಂತ್ರಾಂಶಗಳು ಮಂದವಾಗುವ ವೇಗ ಹೆಚ್ಚೆಂದು. ಅಷ್ಟಲ್ಲದೆ, ಕಾಯಬೇಕೆಂದು ಹೇಳುವವರು ಯಾರು, ಕಾಯುವವರು ಯಾರು? ಅರ್ಜಿಯ ಕೊನೆಯ ದಿನ ಮಾತ್ರ ಯಾರಿಗೂ ಕಾಯುವುದಿಲ್ಲ.

ಎರಡನೆಯ ಆಕ್ಷೇಪ ನನ್ನೊಳಗಿನದೇ: ಸೌಂದರ್ಯ ಬೇಡವೆ? ಅಲಂಕಾರವನ್ನು ಕಲಿಸಿ ಅನ್ನ ತಿನ್ನುವವನು ನಾನು. ಆದರೆ ಕ್ಷೇಮೇಂದ್ರನ ಔಚಿತ್ಯವಿಚಾರವನ್ನೂ ನಾನೇ ಕಲಿಸುತ್ತೇನೆ. ಸೊಂಟದ ಡಾಬನ್ನು ಕೊರಳಿಗೆ ಹಾಕಿಕೊಂಡರೆ ಚಿನ್ನದ ತಪ್ಪಲ್ಲ, ಜಾಗದ ತಪ್ಪು. ಇದಕ್ಕೆ ನಮ್ಮೂರೇ ಸಾಕ್ಷಿ. ಶ್ರೀಕೃಷ್ಣ ಪಾರಿಜಾತಕ್ಕೆ ರಂಗರೂಪ ಕೊಟ್ಟವನೆಂದು ಜನ ಇಂದಿಗೂ ಕುಲಗೋಡ ತಮ್ಮಣ್ಣನನ್ನು ನೆನೆಯುತ್ತಾರೆ. ಆ ಆಟಕ್ಕೆ ಬೇಕಾದುದೇನು? ಬಯಲಿನಲ್ಲಿ ಒಂದು ಅಟ್ಟ, ಪೇಟಿ, ತಬಲ, ತಾಳ, ಮಿಕ್ಕದ್ದು ಕೊರಳು. ಕೌಜಲಗಿ ನಿಂಗಮ್ಮನವರು ಸತ್ಯಭಾಮೆಯ ಮುನಿಸನ್ನು ಊರೂರಿಗೆ ಒಯ್ದದ್ದು ಈ ಹಗುರಾದ ಆಟದಿಂದ. ಗುಬ್ಬಿ ವೀರಣ್ಣನವರು ಕುರುಕ್ಷೇತ್ರಕ್ಕೆ ರಂಗದ ಮೇಲೆ ಆನೆ ಕುದುರೆಗಳನ್ನೇ ತಂದರು. ಅದೂ ದೊಡ್ಡ ಕಲೆಯೇ. ಆದರೆ ಅದನ್ನು ನೋಡಲು ಜನ ಪಟ್ಟಣಕ್ಕೆ ಹೋಗಬೇಕು. ಪಾರಿಜಾತ ತಾನೇ ಜನರ ಬಾಗಿಲಿಗೆ ಬರುತ್ತದೆ. ಬಾಗಿಲಿಗೆ ಬರುವುದು ಯಾವುದರ ಕೆಲಸವೋ ಅದು ಆನೆಯನ್ನು ಕಟ್ಟಿಕೊಳ್ಳಬಾರದು. ಪಾರಿಜಾತ ಹಗುರವೆಂದು ಅದನ್ನು ಬಡ ಕಲೆಯೆಂದವರನ್ನು ನಾನು ಕಾಣೆ.

ಮೂರನೆಯದು ಹೆಚ್ಚು ಸೂಕ್ಷ್ಮ. ಹಳ್ಳಿಯವರಿಗೆ ಒಂದು ಹಗುರ ಪುಟ, ಪಟ್ಟಣದವರಿಗೆ ಒಂದು ಶ್ರೀಮಂತ ಪುಟ ಮಾಡಿದರಾಗದೆ? ಕೇಳಲು ಉದಾರವಾಗಿದೆ. ಆದರೆ ಊಟದ ಮನೆಯಲ್ಲಿ ಇದಕ್ಕೆ ಪಂಕ್ತಿಭೇದವೆಂದು ಹೆಸರು. ಕೆಲವೇ ತಾಣಗಳನ್ನು ಬಡವರಿಗೆ ಪುಕ್ಕಟೆ ಕೊಡುತ್ತೇವೆಂದು ಫೇಸ್‌ಬುಕ್ ಕಂಪನಿ ಮುಂದೆ ಬಂದಾಗ ದೇಶದಲ್ಲಿ ದೊಡ್ಡ ವಾದವೆದ್ದಿತು; 2016ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಇಂಥ ಭೇದದ ದರಗಳನ್ನು ನಿಷೇಧಿಸಿತು. ನನಗೆ ತೋರುವ ದಾರಿ ಬೇರೆ. ನಮ್ಮ ಕಡೆ ಯಾರೇ ಮನೆಗೆ ಬರಲಿ, ಮೊದಲು ನೀರು, ಬೆಲ್ಲ. ಊಟ ಆಮೇಲೆ. ಅಡಿಗೆ ಆಗುವ ತನಕ ಬಾಯಾರಿ ಕುಳಿತಿರೆಂದು ಯಾರೂ ಹೇಳುವುದಿಲ್ಲ. ಎಲ್ಲರಿಗೂ ಒಂದೇ ಪುಟ. ಆದರೆ ಯಾವುದಕ್ಕಾಗಿ ಬಂದರೋ ಅದು ಮೊದಲು, ಚಿತ್ರ ಮೊದಲಾದುವು ತೆರಪಿದ್ದರೆ ಹಿಂದೆ. ಶಿಷ್ಯನ ಶಾಸ್ತ್ರದಲ್ಲಿಯೂ ಇದೇ ಒಳ್ಳೆಯ ಪದ್ಧತಿಯಂತೆ.

ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಇದು ಅಚಾತುರ್ಯವೋ ಅಧರ್ಮವೋ? ನಾನು ಯಾರಿಗೂ ಕೇಡು ಬಯಸಿರಲಿಲ್ಲ. ಆದರೆ ಸಾವಿರ ಜನ ಆ ಪುಟ ತೆರೆದಿದ್ದರೆ, ಹನ್ನೆರಡೂವರೆ ನಿಮಿಷದಂತೆ ಇನ್ನೂರು ತಾಸಿಗೂ ಮೇಲಾಯಿತು. ಒಬ್ಬಳನ್ನೇ ಹಿಡಿದು ಇನ್ನೂರು ತಾಸು ಕೂಡಿಹಾಕಿದರೆ ಪೋಲೀಸರು ಬರುತ್ತಾರೆ. ಸಾವಿರ ಜನರಿಂದ ಚೂರುಚೂರಾಗಿ ಕದ್ದರೆ ಅಭಿನಂದನೆ ದೊರೆಯುತ್ತದೆ! ಹಳೆಯ ನೀತಿಗ್ರಂಥಗಳು ಎದುರಿಗಿದ್ದ ನೆರೆಯವನನ್ನು ಕುರಿತು ಹೇಳಿದವು; ಅವನ ಕಣ್ಣೀರು ಕಾಣುತ್ತಿತ್ತು. ಇಂದು ನಾವು ಮಾಡಿದ್ದು ಮುಟ್ಟುವುದು ಕಾಣದವರನ್ನು. ಕಾಣದಿರುವುದು ತಪ್ಪಲ್ಲದಿರಬಹುದು, ಕಾಣಲು ಎಂದೂ ಮಾಳಿಗೆ ಹತ್ತದಿರುವುದು ತಪ್ಪು. 2015ರಲ್ಲಿ ಅದೇ ಫೇಸ್‌ಬುಕ್ಕಿನವರು ಮಂಗಳವಾರದಂದು ಒಂದು ಗಂಟೆ ತಮ್ಮ ನೌಕರರು ನಿಧಾನದ ಸಂಪರ್ಕದಲ್ಲಿಯೇ ತಮ್ಮ ತಾಣವನ್ನು ನೋಡುವ ಏರ್ಪಾಡು ಮಾಡಿದ್ದರು. ಉದ್ದೇಶ ವ್ಯಾಪಾರವೇ ಇದ್ದೀತು. ಅಭ್ಯಾಸ ಮಾತ್ರ ವ್ರತದಂಥದು.

ಆ ಹುಡುಗಿ ಈಗ ನನ್ನ ತರಗತಿಯಲ್ಲಿ ಎರಡನೆಯ ಸಾಲಿನಲ್ಲಿ ಕೂಡುತ್ತಾಳೆ. ಬರುವ ಸೋಮವಾರ ಸಮಿತಿಯ ಸಭೆ ಇದೆ. ಕಾಲೇಜಿನ ಬೆಳ್ಳಿಹಬ್ಬ ಹತ್ತಿರ ಬಂದಿದೆ; ಮೊದಲ ಪುಟ ತೆರೆದೊಡನೆ ತಾನಾಗಿ ಓಡುವ ಚಲಚ್ಚಿತ್ರವೊಂದನ್ನು ಹಾಕಬೇಕೆಂಬ ಸಲಹೆ ಬಂದಿದೆ. ಮುದ್ರಿಸಿ ತಂದವರು ನನ್ನ ಗೆಳೆಯರು, ಚಿತ್ರವೂ ಸೊಗಸಾಗಿದೆ, ಅದರಲ್ಲಿ ನನ್ನ ಭಾಷಣವೂ ಒಂದು ನಿಮಿಷ ಇದೆ. ಬೇಡವೆನ್ನುವುದು ಕಷ್ಟ. ಆದುದರಿಂದ ಈ ರವಿವಾರ ಊರಿಗೆ ಹೋಗಿ, ದಿನದ ಪಾಲು ಮುಗಿದ ಫೋನಿನಲ್ಲಿ, ಅದನ್ನು ಒಮ್ಮೆ ಮಾಳಿಗೆಯ ಮೇಲೆ ನೋಡಿ ಬರಬೇಕೆಂದಿದ್ದೇನೆ.